ಹುಸೇನಸಾಬ ಹೇಳಿದ ಕಾಲು ಸತ್ಯ

ಭೂಸನೂರಿನ ಟಂಟಂ ಹುಸೇನಸಾಬ ಸೀನಿದ್ದಕ್ಕೆ ಅಫಜಲಪುರದಲ್ಲಿ ಒಂದು ಮಂಗನಿ ಮುರಿದುಬೀಳುವುದರಲ್ಲಿತ್ತು.

ಮಂಗನಿ, ಅಂದರೆ ನಿಶ್ಚಿತಾರ್ಥ, ಅವನ ಹೆಂಡತಿಯ ತಮ್ಮ ಖಲೀಲನ ಮಗಳದು. ಮಾತು ಗಟ್ಟಿ ಮಾಡಿಕೊಳ್ಳಲು ಜೇವರ್ಗಿಯಿಂದ ಬೀಗರು ಬಂದಿದ್ದರು. ಗಂಡಸರೆಲ್ಲ ಪಡಸಾಲೆಯಲ್ಲಿ ಹಾಸಿದ ದಸ್ತರಖಾನದ ಎರಡೂ ಬದಿಗೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದರು. ಊಟ ಮುಗಿದು ಸಿಹಿಗೆ ಬಂದಿತ್ತು. ಅಷ್ಟರಲ್ಲಿ ಅಡುಗೆಮನೆಯಲ್ಲಿ ಯಾರೋ ಹೆಂಗಸರ ಪಂಗತಿಗೆಂದು ಒಣಮೆಣಸಿನಕಾಯಿಯ ಒಗ್ಗರಣೆ ಕೊಟ್ಟರು. ಘಾಟಿಗೆ ಎಲ್ಲರೂ ಕೆಮ್ಮಿದರು. ಹುಸೇನಸಾಬ ಸೀನಿದ. ಸೀನಿನ ಜೊತೆಗೇ ಅವನ ಎಡಗಾಲು ಯಜಮಾನನ ಅಪ್ಪಣೆಗೆ ಕಾಯದೆ ಮುಂದಕ್ಕೆ ಹಾರಿತು. ಡಬಲ್ ಕಾ ಮೀಠಾದ ಬೋಗುಣಿ ದಸ್ತರಖಾನ ದಾಟಿ ಬೀಗರ ಬಿಳಿ ಶೇರ್ವಾನಿಯ ಮಡಿಲಿನಲ್ಲಿ ಬೋರಲು ಬಿದ್ದಿತು.

"ಮರ್ ಗಯಾ ರೇ!" ಎಂಬ ಕೂಗು ಕೇಳಿತು. ಕೂಗಿದವರು ಬೀಗರಲ್ಲ, ಒದ್ದವನೇ.

ಆಗ ಅವನ ಎಡಗೈ ಮಾಡಿದ್ದನ್ನು ಗಮನಿಸಬೇಕು. ನೋವು ಹುಟ್ಟಿದ ಜಾಗಕ್ಕೆಂದು ಅದು ಹಿಂದಕ್ಕೆ ಹೊರಟಿತ್ತು. ಅರ್ಧ ದಾರಿಯಲ್ಲಿ ಹುಸೇನಸಾಬನ ಕಣ್ಣು ಬಾಗಿಲ ಪರದೆಯ ಕಡೆ ಹೋಯಿತು. ಪರದೆ ಸರಿಸಿ ಅತ್ತೆ ಹಮೀದಾಬೇಗಂ ಇಣುಕಿದ್ದರು. ಕೈ ಅಲ್ಲಿಯೇ ದಾರಿ ಬದಲಿಸಿ, ಮೀನಖಂಡಕ್ಕೆ ಇಳಿದು, ಅದನ್ನು ಹಿಡಿದುಕೊಂಡು ಕುಳಿತಿತು.

"ಕ್ಯಾ ಹುವಾ ದುಲೇಭಾಯಿ? ಏನಾತು?" ಖಲೀಲ ಓಡಿಬಂದ.

"ಕಾಲು," ಎಂದ ಹುಸೇನಸಾಬ. "ಕಾಲ ಹಿಡದದ."

ಅದು ಕಾಲು ಸತ್ಯ. ಉಳಿದ ಮುಕ್ಕಾಲು ಸತ್ಯದ ಮೇಲೆ ಅವನು ಕುಳಿತಿದ್ದ.

ಬೀಗರು ದೊಡ್ಡ ಮನಸ್ಸಿನವರು. "ಸಿಹಿ ಬಿದ್ದದ, ಖಾರ ಅಲ್ಲಲ್ಲ, ಬಿಡ್ರಿ," ಎಂದು ಶೇರ್ವಾನಿ ಕಳಚಿ ಕೊಟ್ಟು, ಖಲೀಲನ ಲುಂಗಿ ಅಂಗಿಯಲ್ಲೇ ಮಾತು ಮುಗಿಸಿದರು. ಮಂಗನಿ ಉಳಿಯಿತು. ಆದರೆ ಖಲೀಲನ ತಲೆಯಲ್ಲಿ ಒಂದು ವಿಚಾರವೂ ಉಳಿಯಿತು: ಮನೆಯೊಳಗೆ ಕುಳಿತಾಗಲೇ ಹೀಗೆ ಹಾರುವ ಕಾಲು ರಸ್ತೆಯ ಮೇಲೆ ಹಾರಿದರೆ?

ಹುಸೇನಸಾಬನದು ಭೂಸನೂರು-ಆಳಂದ ರಸ್ತೆ. ಮೊದಲು ಕಬ್ಬಿನ ಲಾರಿಗಳಲ್ಲಿ ಕ್ಲೀನರ್ ಆಗಿದ್ದ, ಆಮೇಲೆ ಟಂಟಂ ತಗೊಂಡ. ಮೂರು ಗಾಲಿಯ ಆ ವಾಹನ ಎಷ್ಟು ಜನಕ್ಕೆಂದು ಕಂಪನಿಯವರು ಕಾಗದದಲ್ಲಿ ಬರೆದಿರುತ್ತಾರೆ. ಕಂಪನಿಯವರಿಗೆ ಭೂಸನೂರಿನ ಪರಿಚಯವಿಲ್ಲ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೂ ಕಾಯಿಪಲ್ಲೆಯ ಬುಟ್ಟಿಯವರು, ಕೋಳಿಯವರು, ಹಾಲಿನ ಕ್ಯಾನಿನವರು ಇವನ ಗಾಡಿಯನ್ನೇ ಹತ್ತುತ್ತಿದ್ದರು. ಬಸ್ಸು ಕೈ ಮಾಡಿದಲ್ಲಿ ನಿಲ್ಲುವುದಿಲ್ಲ. ಹುಸೇನಸಾಬ ಕೈ ಮಾಡುವ ಮೊದಲೇ ನಿಲ್ಲಿಸುತ್ತಿದ್ದ. ಎಷ್ಟೇ ತುಂಬಿರಲಿ, ಅವನ ಬಾಯಲ್ಲಿ ಒಂದೇ ಮಾತು: "ಬರ್ರಿ ಬರ್ರಿ, ಭಾಳ ಜಾಗ ಅದ."

ಆ ಜಾಗ ಎಲ್ಲಿಂದ ಬರುತ್ತಿತ್ತು ಎಂದು ಯಾರೂ ಯೋಚಿಸಿರಲಿಲ್ಲ. ಅದು ಅವನ ಸೀಟಿನಿಂದ ಬರುತ್ತಿತ್ತು.

ನಮ್ಮ ಕಡೆ ಟಂಟಂನಲ್ಲಿ ಡ್ರೈವರನ ಪಕ್ಕ ಕೂರುವುದು ಒಂದು ಮರ್ಯಾದೆ. ಒಬ್ಬನಿಗಾಗಿ ಮಾಡಿದ ಆ ಸೀಟಿನಲ್ಲಿ ಊರಿನ ದೊಡ್ಡವರೊಬ್ಬರು ಎಡಕ್ಕೆ ಕೂರುತ್ತಾರೆ, ಡ್ರೈವರ್ ಬಲಕ್ಕೆ ಸರಿಯುತ್ತಾನೆ. ಭೂಸನೂರಿನಲ್ಲಿ ಈ ಸ್ಥಾನ ದೊಡ್ಡಪ್ಪ ಗೌಡರದು. ಕಬ್ಬು ಬೆಳೆಯುವವರು, ಹೆಸರಿಗೆ ತಕ್ಕಂತೆ ದೊಡ್ಡ ಮೈಯವರು. ಮನೆಯಲ್ಲಿ ಕಾರಿದ್ದರೂ ಆಳಂದಕ್ಕೆ ಹೊರಟರೆ ಟಂಟಂ ಹತ್ತುತ್ತಿದ್ದರು, ಯಾಕೆಂದರೆ ಕಾರಿನಲ್ಲಿ ಹೋದರೆ ದಾರಿಯಲ್ಲಿ ಯಾರೂ ನಮಸ್ಕಾರ ಹೊಡೆಯುವುದಿಲ್ಲ. ಅರಸರು ಮೆಚ್ಚಿದವರಿಗೆ ಅರ್ಧಾಸನ ಕೊಡುತ್ತಿದ್ದರಂತೆ. ಹುಸೇನಸಾಬ ಗೌಡರಿಗೆ ಮುಕ್ಕಾಲಾಸನವನ್ನೇ ಕೊಟ್ಟುಬಿಟ್ಟಿದ್ದ. ಅವನ ಬಲಗಡೆಯ ಅರ್ಧ ಹೊರಗೆ ಗಾಳಿಯಲ್ಲಿ, ಎಡಗಡೆಯ ಅರ್ಧದ ಮೇಲೆ ಇಡೀ ಹುಸೇನಸಾಬ. ಹಾಗೆಯೇ ವರ್ಷಗಳು ಉರುಳಿದವು. ಟಂಟಂ ಕೂಡ ಒಂದೆರಡು ಸಲ ಉರುಳಿತ್ತು, ಆ ಮಾತು ಬೇರೆ.

ನೋವು ಮೊದಲು ಬಂದಾಗ ಅವನು ಅದನ್ನು ಚೆನ್ನಾಗಿಯೇ ಗುರುತಿಸಿದ್ದ. ಅದಕ್ಕೂ ಅವನ ಗಾಡಿಯಂತೆ ಒಂದು ರೂಟು ಇತ್ತು. ಸೊಂಟದ ಕೆಳಗೆ, ಎಡಗಡೆ, ಕೂರುವ ಜಾಗದ ನಟ್ಟನಡುವೆ ಹೊರಡುತ್ತಿತ್ತು. ತೊಡೆಯ ಹಿಂಬದಿ ಹಿಡಿದು ಕೆಳಗಿಳಿದು, ಮೀನಖಂಡದಲ್ಲಿ ಸ್ವಲ್ಪ ಹೊತ್ತು ನಿಂತು, ಕಿರುಬೆರಳಿಗೆ ಹೋಗಿ ಮುಟ್ಟುತ್ತಿತ್ತು. ಒಮ್ಮೊಮ್ಮೆ ಕರೆಂಟು ಹೊಡೆದಂತೆ ಎಕ್ಸ್‌ಪ್ರೆಸ್ಸು, ಒಮ್ಮೊಮ್ಮೆ ಜುಮುಜುಮು ಎನ್ನುತ್ತ ಎಲ್ಲ ಸ್ಟಾಪಿನಲ್ಲೂ ನಿಲ್ಲುವ ಪ್ಯಾಸೆಂಜರು. ಇಷ್ಟೆಲ್ಲ ಗೊತ್ತಿದ್ದವನು ಮಂದಿಗೆ ಹೇಳುತ್ತಿದ್ದುದು ಮಾತ್ರ ಕೊನೆಯ ಸ್ಟಾಪಿನ ಹೆಸರು: ಕಾಲು.

ಅವನನ್ನು ನೋಡಿ ನಗಬೇಡಿ. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್ ಮನುಷ್ಯದೇಹದ ಪಾಠ ಮಾಡುವಾಗ ಅವರ ಕೋಲು ಬೆನ್ನಿನಿಂದ ಸೀದಾ ಮೊಣಕಾಲಿಗೆ ಜಿಗಿಯುತ್ತಿತ್ತು. ಮಧ್ಯಪ್ರದೇಶ ನಮಗೆ ಭೂಗೋಳದಲ್ಲಿ ಮಾತ್ರ ಇತ್ತು. ಹುಸೇನಸಾಬ ಕಾನ್ವೆಂಟಿಗೆ ಹೋದವನಲ್ಲ, ಆದರೆ ಅದಬು-ಮರ್ಯಾದೆ ಅವನಿಗೆ ಮನೆಯಲ್ಲೇ ಕಲಿಸಿದ್ದರು. ಹಿರಿಯರ ಮುಂದೆ, ಹೆಂಗಸರ ಮುಂದೆ, ಡಾಕ್ಟರ ಮುಂದೆ, ಗೌಡರ ಮುಂದೆ ಆ ಜಾಗದ ಹೆಸರು ಹೇಳುವುದುಂಟೆ? ಟೊಂಕ ಎನ್ನಬಹುದಿತ್ತು. ಆದರೆ ಟೊಂಕ ಎಂದರೆ "ಟೊಂಕದಾಗ ಎಲ್ಲಿ?" ಎಂಬ ಪ್ರಶ್ನೆ ಬರುತ್ತದೆ. ವಯಸ್ಸಾದ ಗಂಡಸು ಟೊಂಕ ಹಿಡಿದುಕೊಂಡರೆ ಬಸ್‌ಸ್ಟ್ಯಾಂಡಿನ ಮಂದಿ ಹುಡುಕುವ ಕಾರಣಗಳೇ ಬೇರೆ. ಕಾಲು ಎಂದರೆ ಯಾರೂ ನಗುವುದಿಲ್ಲ.

ಹೀಗಾಗಿ ಮೂರು ತಾಲೂಕು ಸೇರಿ ಅವನ ಕಾಲಿನ ಸೇವೆಗೆ ನಿಂತವು. ಆಳಂದದಲ್ಲಿ ಒಬ್ಬ ಡಾಕ್ಟರು ಅವನು ತೋರಿಸಿದಲ್ಲಿ ಮೊಣಕಾಲಿನ ಎಕ್ಸ್‌ರೇ ತೆಗೆಸಿ, "ಛಲೋ ಅದಲ್ಲಪಾ," ಎಂದು ಶಕ್ತಿಯ ಸೂಜಿ ಚುಚ್ಚಿ ಕಳಿಸಿದರು. ಅಫಜಲಪುರದಲ್ಲಿ ಖಲೀಲ ಕರೆದೊಯ್ದ ಉಳುಕು ತೆಗೆಯುವವನು ಮೀನಖಂಡಕ್ಕೆ ಎಣ್ಣೆ ಹಚ್ಚಿ ತಿಕ್ಕಿ, ಬಿಸಿ ಎಕ್ಕೆಯ ಎಲೆ ಕಟ್ಟಿದ. ಜೇವರ್ಗಿಯಲ್ಲಿ ಅಕ್ಕನ ಮನೆಯ ಹತ್ತಿರದ ಹಕೀಮರು ಮಾತ್ರ ಬೆನ್ನತ್ತಿ ಕೇಳಿದರು.

"ಮ್ಯಾಲಿಂದ ಕೆಳಗ ಇಳಿತದೇನು ಹುಸೇನಮಿಯಾ? ನನಗ್ಯಾಕೋ ಇದು ಅರ್ಕುನ್ನಿಸಾ ಅನಸ್ತದ."

ಹುಸೇನಸಾಬ ಬಾಯಿ ತೆರೆದ. ಪಕ್ಕದಲ್ಲಿ ಅಕ್ಕ, ಅವಳ ಪಕ್ಕದಲ್ಲಿ ಅಕ್ಕನ ಸೊಸೆ.

"ಇಲ್ರಿ ಹಕೀಮಸಾಬ. ಕಾಲಾಗ ಹುಟ್ಟಿ ಕಾಲಾಗೇ ಸಾಯ್ತದ."

ಹಕೀಮರು ಪಾದಕ್ಕೆ ಎಣ್ಣೆ ಕೊಟ್ಟು ಕಳಿಸಿದರು. ಅಕ್ಕ ಫೋನು ಮಾಡಿ ಸುದ್ದಿ ಮುಟ್ಟಿಸಿದಾಗ ಅವನ ಹೆಂಡತಿ ವಜೀರುನ್ನಿಸಾ ಹೆಸರು ಕೇಳಿ, "ಅರ್ಕುನ್ನಿಸಾ? ಯಾರಾಕಿ? ಜೇವರ್ಗ್ಯಾಗ ಎಲ್ಲಿ ಇರ್ತಾಳ?" ಎಂದಳು. ಸೊಂಟದಿಂದ ಕಾಲಿಗಿಳಿಯುವ ನೋವಿಗೆ ಹಕೀಮರ ಹೆಸರು ಅದು ಎಂದು ತಿಳಿದ ಮೇಲೂ ಎರಡು ದಿನ ಅವನ ಚಹಾಕ್ಕೆ ಸಕ್ಕರೆ ಕಡಿಮೆ ಬಿದ್ದಿತಂತೆ.

ಇಷ್ಟರಲ್ಲಿ ಖಲೀಲನ ವಿಚಾರ ಬಲಿತಿತ್ತು. ಒಂದು ಶುಕ್ರವಾರ ತಾಯಿಯನ್ನೂ ಕರೆದುಕೊಂಡು ಭೂಸನೂರಿಗೆ ಬಂದ.

"ದುಲೇಭಾಯಿ, ಗಾಡಿ ಮಾರಿಬಿಡ್ರಿ. ಕಡಗಂಚ್ಯಾಗ ಒಬ್ಬಾಂವ ತಗೋತೇನಿ ಅಂದಾನ. ನನ್ನ ಬಳೆ ಅಂಗಡ್ಯಾಗ ಬಂದು ಗಲ್ಲಾದ ಮ್ಯಾಲ ಕುಂದರ್ರಿ. ನೆರಳಾಗ, ಫ್ಯಾನ್ ಕೆಳಗ."

"ನನ್ನ ಗಾಡಿಗೆ ಏನಾಗ್ಯಾದ?"

"ಗಾಡಿಗೆ ಅಲ್ಲ, ಕಾಲಿಗೆ. ಕಾಲ ಇಲ್ಲದ ಬ್ರೇಕ್ ಹ್ಯಾಂಗ ಒತ್ತತೀರಿ?"

"ಬ್ರೇಕ್ ಬಲಗಾಲಿಂದೋ. ಹಿಡದದ್ದು ಎಡಗಾಲ."

"ಇವತ್ತ ಎಡಗಾಲ, ನಾಳೆ ಬಲಗಾಲ. ಕಾಲಿಗೇನು, ಒಂದನ್ನ ನೋಡಿ ಒಂದು ಕಲಿತದ."

ಹಮೀದಾಬೇಗಂ ಅಳಿಯನ ಮುಖ ನೋಡದೆ, ಅಳಿಯನಿಗೆ ಕೇಳುವಂತೆ ಮಗಳಿಗೆ ಹೇಳಿದರು: "ನಮ್ಮ ದಾಮಾದ ಬದುಕಿದ್ರ ಸಾಕು ಬೇಟಿ, ಗಾಡಿ ತಗೊಂಡ್ ಏನ್ ಮಾಡೋದದ." ಹಮೀದಾಬೇಗಂ ಹಾಗೆಂದ ಮೇಲೆ ಆ ಮನೆತನದಲ್ಲಿ ಮುಂದಿನ ಮಾತಿಲ್ಲ. ತಿಂಗಳೊಪ್ಪತ್ತಿನಲ್ಲಿ ಕಾಲು ನೆಟ್ಟಗಾಗದಿದ್ದರೆ ಗಾಡಿ ಕಡಗಂಚಿಗೆ, ಹುಸೇನಸಾಬ ಅಫಜಲಪುರದ ಬಳೆ ಅಂಗಡಿಗೆ ಎಂದು ತೀರ್ಮಾನವಾಯಿತು.

ಇಡೀ ದಿನ ಗಲ್ಲಾದ ಮೇಲೆ ಕುಳಿತು, ಬಳೆಗಳನ್ನು ನೋಡುತ್ತ, ಯಾರನ್ನೂ "ಬರ್ರಿ ಬರ್ರಿ, ಜಾಗ ಅದ" ಎಂದು ಕರೆಯದೆ ಬದುಕುವುದನ್ನು ನೆನೆದು ಹುಸೇನಸಾಬನ ಜೀವ ಝಲ್ಲೆಂದಿತು. ಅದರಲ್ಲೂ ಕೂರುವುದು! ನಿಂತರೆ, ನಾಲ್ಕು ಹೆಜ್ಜೆ ನಡೆದರೆ ನೋವು ತಗ್ಗುತ್ತಿತ್ತು, ಕುಳಿತರೆ ಏರುತ್ತಿತ್ತು. ಆದರೆ ಅದನ್ನು ಹೇಳಿದರೆ, "ಕುಂತ್ರ ಕಾಲಿಗ್ಯಾಕ ನೋವು?" ಎನ್ನುವರು. ಆಮೇಲೆ ಬರುವ ಪ್ರಶ್ನೆ ಯಾವುದೆಂದು ಅವನಿಗೆ ಗೊತ್ತಿತ್ತು.

ಹಾಗಿರುವಾಗ ಒಂದು ಮಧ್ಯಾಹ್ನ ಆಳಂದದಲ್ಲಿ ನಿಶಾತ ಗಾಡಿ ಹತ್ತಿದಳು. ಆಸ್ಪತ್ರೆಯಲ್ಲಿ ಫಿಜಿಯೋಥೆರಪಿ ಮಾಡಿಸುವ ಹುಡುಗಿ. ಲಕ್ವ ಹೊಡೆದ ಮುದುಕರೊಬ್ಬರಿಗೆ ಕೈಕಾಲು ಆಡಿಸಲು ಭೂಸನೂರಿಗೆ ಹೊರಟಿದ್ದಳು. ಅವಳಿಗೆ ಸಿಕ್ಕಿದ್ದು ಹುಸೇನಸಾಬನ ಬೆನ್ನ ಹಿಂದಿನ ಜಾಗ. ಅರ್ಧ ದಾರಿಯಲ್ಲಿ ದೊಡ್ಡಪ್ಪ ಗೌಡರು ತಮ್ಮ ಹೊಲದ ಹತ್ತಿರ ಇಳಿದುಹೋದರು. ಗಾಡಿ ಮುಂದೆ ಹೊರಟಿತು.

"ಚಾಚಾ," ಎಂದು ನಿಶಾತ ಮುಂದಕ್ಕೆ ಬಾಗಿ ಕೇಳಿದಳು, "ನಿಮ್ಮ ಬಾಜೂಕ ಈಗ ಯಾರ ಕುಂತಾರ?"

"ಯಾರೂ ಇಲ್ಲಲ್ಲ ಬೇಟಿ. ಗೌಡ್ರು ಇಳದ್ರಲ್ಲ."

"ಮತ್ತ ನೀವು ಅರ್ಧ ಸೀಟ್ ಯಾಕ ಬಿಟ್ಟು ಕುಂತೀರಿ?"

ಹುಸೇನಸಾಬ ತನ್ನನ್ನೇ ನೋಡಿಕೊಂಡ. ಹೌದು. ಪಕ್ಕದಲ್ಲಿ ಅಷ್ಟಗಲ ಖಾಲಿ ಬಿದ್ದಿತ್ತು. ಅವನು ಮಾತ್ರ ಇಲ್ಲದ ಗೌಡರಿಗೆ ಜಾಗ ಬಿಟ್ಟು, ಬಲ ಅಂಚಿಗೆ ಸರಿದು, ಎಡಗಡೆಯ ಒಂದರ ಮೇಲೆಯೇ ಭಾರ ಹಾಕಿ ಕುಳಿತಿದ್ದ. ಸರಿಯಾಗಿ ಕೂರಲು ಹೋದ. ಕರೆಂಟು ಹೊಡೆಯಿತು. "ಹಾಯ್!" ಎಂದ.

"ಎಲ್ಲಿ ನೋವು ಚಾಚಾ?"

"ಕಾಲು, ಬೇಟಿ."

"ಕಾಲ ಅಲ್ಲ. ಎಲ್ಲಿಂದ ಹೊಂಟದ?"

ಕನ್ನಡಿಯಲ್ಲಿ ಅವನ ಕಿವಿ ಕೆಂಪಾಗಿದ್ದು ನಿಶಾತಳಿಗೆ ಕಂಡಿತು. ದಿನಕ್ಕೆ ಹತ್ತಾರು ಸೊಂಟ ನೋಡುವ ಹುಡುಗಿ. ಅರ್ಥವಾಯಿತು.

"ನೀವು ಬಾಯಿ ಬಿಡೋದ ಬ್ಯಾಡ. ನಾ ಒಂದೊಂದ ಕೇಳ್ತೇನಿ. ಹೌದಾದ್ರ ಹಾರ್ನ್ ಹೊಡೀರಿ. ಇಲ್ಲಾಂದ್ರ ಸುಮ್ಮ ಗಾಡಿ ಹೊಡೀರಿ. ಆಯ್ತಾ?"

ಪೋಂ.

"ಸೊಂಟದ ಕೆಳಗ, ಕುಂದ್ರೋ ಜಾಗದಾಗ ಶುರು ಆಗ್ತದೇನು?"

ರಸ್ತೆಯ ಎರಡೂ ಕಡೆ ನೋಡಿ, ಯಾರಿಲ್ಲವೆಂದು ಖಾತ್ರಿಯಾದ ಮೇಲೆ, ಬಹಳ ಮೆಲ್ಲಗೆ: ಪೋಂ.

"ತೊಡಿ ಹಿಂದಿನಿಂದ ಇಳಿತದ?" ಪೋಂ. "ಮೊಣಕಾಲ ದಾಟಿ ಮೀನಖಂಡಕ್ಕ?" ಪೋಂ. "ಬೆರಳತನಾ ಹೋಗಿ ಜುಮುಜುಮು ಅಂತದ?" ಪೋಂ ಪೋಂ. "ಒಂದ ಕಾಲಿಗೆ?" ಪೋಂ. "ಕುಂತ್ರ ಜಾಸ್ತಿ?" ಪೋಂ. "ಕೆಮ್ಮಿದ್ರ, ಸೀನಿದ್ರ?"

ಹುಸೇನಸಾಬನಿಗೆ ಬೀಗರ ಶೇರ್ವಾನಿ ಕಣ್ಣಮುಂದೆ ಬಂತು. ಪೋಂಂಂಂಂ ಎಂದು ಹೊಡೆದ ಹಾರ್ನು ನಿಲ್ಲಲೇ ಇಲ್ಲ.

"ಅಣ್ಣಾ!" ಹಿಂದಿನಿಂದ ಸುಂದರಬಾಯಿ ಕೂಗಿದಳು. ಆಳಂದದ ಸಂತೆಯಲ್ಲಿ ಮಾರಿ ಉಳಿದ ಬದನೆಕಾಯಿಯ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. "ನರಪಿಳ್ಳಿ ಇಲ್ಲ ರೋಡಿಗೆ, ಯಾರಿಗ ಹಾರ್ನ್ ಹೊಡ್ಯಾಕತ್ತಿ?"

"ಹಾರ್ನ್ ಟೆಸ್ಟ್ ಮಾಡಾಕತ್ತೇನಿ ಬೇ, ಸುಮ್ಮ ಕುಂದ್ರು."

ನಿಶಾತಳ ದನಿ ಈಗ ನಗು ಬಿಟ್ಟಿತು. "ಚಾಚಾ, ಇನ್ನ ನಾಕು ಕೇಳ್ತೇನಿ, ಖರೇ ಹೇಳ್ರಿ. ಮೂತ್ರ, ಸಂಡಾಸ ತಡಕೊಳ್ಳಾಕ ಆಗಲಾರದಂಗ, ಇಲ್ಲಾ ಬಂದ್ ಆದಂಗ ಆಗ್ಯಾದೇನು?"

ಆಗಲೇ ಒಂದು ಆಡು ರಸ್ತೆಗೆ ಇಳಿಯಿತು. ಹುಸೇನಸಾಬನ ಕೈ ಹಾರ್ನಿನ ಮೇಲೆ ಹೋಯಿತು. ಹೊಡೆದರೆ ಆಡು ಉಳಿಯುತ್ತದೆ, ಮಾನ ಹೋಗುತ್ತದೆ. ಹಾರ್ನು ಬಿಟ್ಟು ಬ್ರೇಕು ಒತ್ತಿದ. ಗಾಡಿ ಗಕ್ಕನೆ ನಿಂತಿತು. ಬದನೆಕಾಯಿಗಳು ಎಲ್ಲರ ಕಾಲಡಿ ಉರುಳಿದವು.

"ಏನಾಗ್ಯಾದೋ ನಿನಗ?" ಸುಂದರಬಾಯಿ ಸಿಟ್ಟಿಗೆದ್ದಳು. "ಖಾಲಿ ರೋಡಿಗೆ ಪೋಂ ಪೋಂ ಅಂತೀದಿ, ಆಡು ಬಂದ್ರ ಮೌನವ್ರತ ಹಿಡೀತೀದಿ!"

ಆಡು ದಾಟಿತು. ಉಳಿದ ಮೂರು ಪ್ರಶ್ನೆಗಳೂ ಬಂದವು: ಎರಡು ತೊಡೆಯ ಸಂದಿಯಲ್ಲಿ ಮುಟ್ಟಿದ್ದೇ ತಿಳಿಯದಂತೆ ಜೋಮು ಹಿಡಿದಿದೆಯೇ? ನೋವು ಎರಡೂ ಕಾಲಿಗೆ ಬಂದಿದೆಯೇ? ಪಾದ ಎತ್ತಲಾಗದೆ ಜೋಲುಬೀಳುತ್ತದೆಯೇ? ಗಾಡಿ ಸುಮ್ಮನೆ ಓಡಿತು. ಆ ಮೌನ ಕೇಳಿ ನಿಶಾತ ನಿಟ್ಟುಸಿರು ಬಿಟ್ಟಳು.

"ಇವುಗಳಾಗ ಒಂದಕ್ಕ ಹಾರ್ನ್ ಹೊಡದಿದ್ರೂ, ಇಲ್ಲೇ ಗಾಡಿ ತಿರುಗಿಸಿ ಕಲಬುರಗಿ ದೊಡ್ಡ ದವಾಖಾನಿಗೆ ಹೊಡೀರಿ ಅಂತಿದ್ದೆ. ಅಂಜಬ್ಯಾಡ್ರಿ. ಇದಕ್ಕ ಸಯಾಟಿಕಾ ಅಂತಾರ. ನಾಳೆ ದವಾಖಾನಿಗೆ ಬರ್ರಿ, ಡಾಕ್ಟರು ನೋಡ್ಲಿ."

ಮರುದಿನ ಡಾಕ್ಟರು ಅವನನ್ನು ಅಂಗಾತ ಮಲಗಿಸಿ, ಎಡಗಾಲನ್ನು ಮಡಿಸದೆ ನೆಟ್ಟಗೆ ಮೇಲೆತ್ತಿದರು. ಒಂದು ಮೊಳ ಏಳುವುದರೊಳಗೆ ಹುಸೇನಸಾಬ ಇಡೀ ವಾರ್ಡಿಗೆ ತನ್ನ ಪರಿಚಯ ಮಾಡಿಕೊಟ್ಟ. ಡಾಕ್ಟರು ತಲೆಯಾಡಿಸಿದರು. ಬೆನ್ನಿನ ಕೆಳಗಿಂದ ಹೊರಟು, ಕೂರುವ ಜಾಗದೊಳಗಿಂದ ಹಾದು, ಪಾದದವರೆಗೆ ಹೋಗುವ ಒಂದು ನರವಿದೆ, ಬೆರಳಿನಷ್ಟು ದಪ್ಪ. ಅದನ್ನು ಮೇಲೆಲ್ಲೋ ಒತ್ತಿದರೆ ಕೂಗು ಕೆಳಗೆ ಕೇಳುತ್ತದೆ. ವಯಸ್ಸು, ಬೆನ್ನುಮೂಳೆಯ ನಡುವಿನ ಗಾದಿಯ ಸವೆತ, ಜೊತೆಗೆ ದಿನವಿಡೀ ವಾಲಿ ಕೂರುವುದು, ಎಲ್ಲ ಸೇರಿರಬಹುದು ಎಂದರು. ನರನಾಗಿ ಹುಟ್ಟಿದವನಿಗೆ ನರವಿರುತ್ತದೆ, ನರವಿದ್ದವನಿಗೆ ನರಳಾಟ ತಪ್ಪಿದ್ದಲ್ಲ.

ಔಷಧಿಗಿಂತ ಹೆಚ್ಚಿಗೆ ಹೇಳಿದ್ದು ನಿಶಾತ. ಹಾಸಿಗೆ ಹಿಡಿದು ಮಲಗಬಾರದು, ಆದಷ್ಟು ಓಡಾಡುತ್ತಿರಬೇಕು. ಬೆಳಿಗ್ಗೆ ಅವಳು ಕಲಿಸಿದಂತೆ ಬೋರಲು ಮಲಗಿ ಎದೆ ಎತ್ತಬೇಕು. ಪ್ರತಿ ಟ್ರಿಪ್ಪಿನ ಕೊನೆಗೆ ಇಳಿದು ನಡೆಯಬೇಕು. ಎಲ್ಲಕ್ಕಿಂತ ಮೊದಲು, ಇಡೀ ಸೀಟಿನ ಮೇಲೆ ಇಡಿಯಾಗಿ ಕೂರಬೇಕು. "ಬಹಳ ಮಂದಿಗೆ ಕೆಲವು ವಾರದಾಗ ತಾನೇ ಇಳಿತದ ಚಾಚಾ. ಆದ್ರ ಮುಂದ ಯಾರನ್ನೂ ಕುಂದ್ರಸಬ್ಯಾಡ್ರಿ."

ವ್ಯಾಯಾಮ ಸುಲಭವಾಗಿತ್ತು. ಕೊನೆಯ ಮಾತು ಕಷ್ಟದ್ದು.

ಮೊದಲ ದಿನವೇ ದೊಡ್ಡಪ್ಪ ಗೌಡರು ಬಂದು ಮುಂದೆ ಕಾಲಿಟ್ಟರು. ಹುಸೇನಸಾಬ ನಡುವೆ ಕುಳಿತಿದ್ದ, ಸರಿಯಲಿಲ್ಲ.

"ಸರಿಯಲೇ ಹುಸೇನ್ಯಾ."

"ಗೌಡ್ರ... ಹಿಂದ ಕುಂದರ್ತೀರೇನ್ರಿ? ಜಾಗ ಮಾಡಸ್ತೇನಿ."

"ಹಿಂದ?" ಗೌಡರು ಹಿಂದೆ ನೋಡಿದರು. ಸುಂದರಬಾಯಿ ಬುಟ್ಟಿ ಸರಿಸಿ ನಕ್ಕಳು. ಎರಡು ಕೋಳಿಗಳೂ ನೋಡಿದವು. "ಯಾಕ, ಮುಂದ ಯಾರ ಬರಾವರಿದ್ದಾರ?"

"ಯಾರಿಲ್ರಿ. ಕಾಲ... ಕಾಲ ನೋವು ಅದರಿ."

"ನಿನ್ನ ಕಾಲಿಗೂ ನನ್ನ ಸೀಟಿಗೂ ಏನ ಸಂಬಂಧಲೇ?"

ಹುಸೇನಸಾಬ ಹಾರ್ನಿನ ಕಡೆ ನೋಡಿದ. ಗೌಡರಿಗೆ ಹಾರ್ನಿನಲ್ಲಿ ಹೇಳುವಂತಿರಲಿಲ್ಲ.

ಗೌಡರು ಇಳಿದುಹೋದರು. ಮರುದಿನದಿಂದ ಬಸ್ಸಿಗೆ ನಿಂತರು. ಗೌಡರು ಹತ್ತದ ಗಾಡಿ ಯಾಕೆಂದು ಉಳಿದವರೂ ಒಬ್ಬೊಬ್ಬರಾಗಿ ಬಸ್ಸಿಗೆ ನಿಂತರು. "ಹುಸೇನಸಾಬನಿಗೆ ಸೊಕ್ಕ ಬ್ಯಾನಿ ಹಿಡದದ, ಇಡೀ ಸೀಟಿನ ಮ್ಯಾಲ ನವಾಬನಂಗ ಕುಂದರ್ತಾನ," ಎಂಬ ಮಾತು ಊರಲ್ಲಿ ಹರಡಿತು. ನೋವು ದಿನದಿನಕ್ಕೆ ಇಳಿಯಿತು. ಗಾಡಿಯಿಂದ ಮಂದಿಯೂ ಇಳಿದರು. ನೆಟ್ಟಗಾದ ಕಾಲಿನಿಂದ ಅವನು ಖಾಲಿ ಟಂಟಂ ಓಡಿಸುತ್ತಿದ್ದ. ಖಲೀಲನಿಗೆ ಸುದ್ದಿ ಮುಟ್ಟಿತು. ಕಡಗಂಚಿಯವನನ್ನು ಭಾನುವಾರ ಕರೆತರುತ್ತೇನೆಂದು ಫೋನು ಮಾಡಿದ.

"ಕಾಲ ಆರಾಮ ಆಗ್ಯಾದೋ," ಎಂದ ಹುಸೇನಸಾಬ.

"ಹೋದ ತಿಂಗಳ ಸತ್ತ ಕಾಲು ಈ ತಿಂಗಳ ಹ್ಯಾಂಗ ಎದ್ದು ಕುಂತೀತು? ಸುಮ್ಮ ನಮ್ಮ ಸಮಾಧಾನಕ್ಕ ಹೇಳಬ್ಯಾಡ್ರಿ ದುಲೇಭಾಯಿ."

ಅದಕ್ಕೂ ಉತ್ತರವಿತ್ತು. ಕೆಟ್ಟಿದ್ದು ಕಾಲೇ ಅಲ್ಲ ಎಂದರೆ ಮುಗಿಯುತ್ತಿತ್ತು. ಆದರೆ ಫೋನು ಸ್ಪೀಕರಿನ ಮೇಲಿತ್ತು, ಆ ಕಡೆ ಹಮೀದಾಬೇಗಂ ಕೆಮ್ಮಿದ್ದು ಕೇಳಿಸಿತು.

ಅದೇ ಭಾನುವಾರ ಭೂಸನೂರಿನ ಶಾಲೆಯಲ್ಲಿ ಸೊಂಟ, ಮಂಡಿ, ಕಾಲು ನೋವಿನ ಶಿಬಿರವಿತ್ತು. ಓಡಾಡಿ ಏರ್ಪಾಟು ಮಾಡಿದವಳು ನಿಶಾತ. ಅಂಗಳದಲ್ಲಿ ಶಾಮಿಯಾನ, ಶಾಲೆಯ ಮಾಳಿಗೆಯ ಮೇಲೆ ಲೌಡ್‌ಸ್ಪೀಕರು. ಮಂಡಿ ನೋವೆಂದು ಹಮೀದಾಬೇಗಂ ಮುಂದಿನ ಕುರ್ಚಿಯಲ್ಲಿ ಕುಳಿತಿದ್ದರು. ಪಕ್ಕದಲ್ಲಿ ವಜೀರುನ್ನಿಸಾ. ಹಿಂದೆ ಖಲೀಲ, ಅವನ ಜೊತೆ ಕಡಗಂಚಿಯ ಗಿರಾಕಿ. ಇನ್ನೊಂದು ಕಡೆ ಮುಖ ತಿರುಗಿಸಿಕೊಂಡು ದೊಡ್ಡಪ್ಪ ಗೌಡರು. ಕರೆಂಟಿನ ಆಟದಲ್ಲಿ ಮೈಕು ಬೆಳಿಗ್ಗೆಯಿಂದ ಸತ್ತು ಸತ್ತು ಬದುಕುತ್ತಿತ್ತು. ನಿಶಾತ ಅರ್ಧ ಮೈಕಿನಲ್ಲಿ, ಅರ್ಧ ಗಂಟಲಲ್ಲಿ ಮಾತಾಡಿ ಮುಗಿಸಿದಳು.

"ಈ ನೋವು ಕಾಲಾಗ ಕಾಣ್ತದ, ಆದ್ರ ಹುಟ್ಟೋದು ಬ್ಯಾರೆ ಕಡೆ. ಹುಟ್ಟಿದ ಕಡೆ ಹೇಳಲಿಲ್ಲಂದ್ರ ನಾವು ಹುಡುಕೋದರ ಹ್ಯಾಂಗ? ನಮ್ಮ ಹುಸೇನ ಚಾಚಾ ಬರ್ಲಿ. ಬರ್ರಿ ಚಾಚಾ, ನಿಮಗ ಎಲ್ಲಿಂದ ಶುರು ಆಗಿತ್ತು, ಮಂದಿಗೆ ಹೇಳ್ರಿ."

ಹುಸೇನಸಾಬ ಎದ್ದ. ಟೋಪಿ ಸರಿಮಾಡಿಕೊಂಡ. ಅತ್ತೆಯನ್ನು ನೋಡಿದ, ಗೌಡರನ್ನು ನೋಡಿದ, ಗಾಡಿಯ ಟೈರುಗಳನ್ನು ಆಗಲೇ ಒದ್ದು ನೋಡಿ ಬಂದಿದ್ದ ಕಡಗಂಚಿಯವನನ್ನು ನೋಡಿದ. ಮೈಕಿನ ಮುಂದೆ ನಿಂತು, ನಿಶಾತಳ ಕಡೆ ತಿರುಗಿ, ಅವಳೊಬ್ಬಳಿಗೇ ಹೇಳುವಷ್ಟು ತಗ್ಗಿದ ದನಿಯಲ್ಲಿ, ಒಂದೇ ಉಸಿರಿಗೆ ಹೇಳಿದ:

"ಕುಂಡ್ಯಾಗ, ಬೇಟಿ. ಎಡಗಡಿ ಕುಂಡ್ಯಾಗ. ಅಲ್ಲಿ ಹುಟ್ಟಿ ತೊಡಿ ಹಿಂದಿನಿಂದ ಕಿರಿಬೆರಳಿಗೆ ಹೋಗಿ ಮುಟ್ಟತಿತ್ತು. ಗೌಡ್ರಿಗೆ ಜಾಗ ಕೊಟ್ಟು ಕೊಟ್ಟು, ಒಂದರ ಮ್ಯಾಲೇ ಕುಂತು ಕುಂತು ಹಿಂಗಾತು. ಕಾಲಿಗೆ ಏನೂ ಆಗಿಲ್ಲ. ಈಗ ಎರಡರ ಮ್ಯಾಲೂ ಕುಂದರ್ತೇನಿ, ಆರಾಮ ಅದೇನಿ."

ಕುಂಡ್ಯಾಗ ಎಂಬ ಮಾತು ಮಾಳಿಗೆಯ ಮೇಲಿಂದ ಹೊರಟು, ಬಸ್‌ಸ್ಟ್ಯಾಂಡ್ ದಾಟಿ, ಸಕ್ಕರೆ ಕಾರ್ಖಾನೆಯ ಗೇಟಿಗೆ ಬಡಿದು ತಿರುಗಿ ಬಂತು.

ಆಮೇಲೆ ಹೆಂಗಸರ ಸಾಲಿನಲ್ಲಿ ಸುಂದರಬಾಯಿ ಎದ್ದುನಿಂತಳು.

"ನನಗೂ ಅಲ್ಲೇ ಅದರಿ ಡಾಕ್ಟರ! ಮೂರ ವರ್ಷದಿಂದ ಮಂಡಿಗೆ ಎಣ್ಣಿ ಹಚ್ಚಾಕತ್ತೇನಿ!"

ನಗು ಒಡೆಯಿತು. ಗಂಡಸರ ಸಾಲಿನಲ್ಲಿ ಇಬ್ಬರು, ಮೂವರು, ಎದ್ದು ನಿಲ್ಲುವ ಧೈರ್ಯವಿಲ್ಲದವರು ಕೂತಲ್ಲೇ ಕೈಯೆತ್ತಿದರು. ಹಮೀದಾಬೇಗಂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಮಗಳ ಕಿವಿಯಲ್ಲಿ ಏನೋ ಹೇಳಿದರು. ವಜೀರುನ್ನಿಸಾ ಬಾಯಿ ಬಿಟ್ಟಳು. "ಅಮ್ಮಾ, ನಿನಗೂನಾ? ಮಂಡಿ ಅಂತಿದ್ದಿ!"

"ದಾಮಾದನ ಮುಂದ ಇನ್ನೇನ ಹೇಳ್ಲಿ ಬೇ?"

ಗೌಡರು ಎದ್ದು ಮುಂದೆ ಬಂದರು. ಮುಖದ ಮೇಲಿನ ಸಿಟ್ಟು ಎಲ್ಲಿ ಹೋಯಿತೋ. "ಲೇ ಹುಸೇನ್ಯಾ, ಮೊದಲ ಹೇಳಾಕ ಏನಾಗಿತ್ತಲೇ? ಇಷ್ಟ ವರ್ಷ ನನ್ನ ಭಾರ ನಿನ್ನ ಒಂದ... ಒಂದ ಕಡಿ ಹೊತ್ತೀದಿ. ನಾಳಿಂದ ನಾ ಹಿಂದ ಕುಂದರ್ತೇನಿ. ಮುಂದ ಯಾವನರ ಹತ್ತಿದ್ರ ನನಗ ಹೇಳು."

ಗೌಡರು ಹಿಂದೆ ಕೂರುತ್ತಾರೆಂದರೆ ಹಿಂದೆಯೇ ಇನ್ನು ಮುಂದಿನ ಮರ್ಯಾದೆ ಎಂದು ಊರಿಗೆ ಅಲ್ಲೇ ತಿಳಿಯಿತು. ಇಬ್ಬರು ಆಗಲೇ ನಾಳೆಯ ಟ್ರಿಪ್ಪಿನ ವೇಳೆ ಕೇಳಿದರು.

ಖಲೀಲ ಕಡಗಂಚಿಯವನ ಕಡೆ ನೋಡಿದ, ತಾಯಿಯ ಕಡೆ ನೋಡಿದ.

"ಅವಂಗ ಚಹಾ ಕುಡಿಸಿ ಕಳಸು," ಎಂದರು ಹಮೀದಾಬೇಗಂ. "ಗಾಡಿ ಮಾರಿದ್ರ ನನಗ ಆಳಂದ ದವಾಖಾನಿಗೆ ಯಾರ ಒಯ್ತಾರ? ನಿನ್ನ ಬಳೆ ಅಂಗಡಿ ಒಯ್ತದೇನು?"

ಗದ್ದಲ ಇಳಿದ ಮೇಲೆ ನಿಶಾತ ಮತ್ತೆ ಮೈಕು ಹಿಡಿದಳು. ಅವಳ ಕಣ್ಣು ತುಂಬಿತ್ತು. ಆ ದಿನ ನೋವಿರುವವರ ಸಾಲು ಶಾಲೆಯ ಗೇಟಿನಾಚೆಗೂ ಬೆಳೆದಿತ್ತು, ಒಬ್ಬರೂ ಬರೀ ಕಾಲು ಎನ್ನುತ್ತಿರಲಿಲ್ಲ.

"ಚಾಚಾ, ಮೂರು ತಾಲೂಕ ತಿರುಗಿ ಯಾರ ಮುಂದೂ ಹೇಳದವರು ಇವತ್ತ ಇಡೀ ಊರ ಮುಂದ, ಅದೂ ಮೈಕಿನ್ಯಾಗ ಹೇಳಿದ್ರಿ. ಇಷ್ಟ ಧೈರ್ಯ ನಿಮಗ ಎಲ್ಲಿಂದ ಬಂತು?"

ಹುಸೇನಸಾಬ ಮಾಳಿಗೆಯ ಮೇಲಿನ ಲೌಡ್‌ಸ್ಪೀಕರನ್ನು ಒಮ್ಮೆ, ಮೈಕನ್ನು ಒಮ್ಮೆ ನೋಡಿದ.

"ಧೈರ್ಯ ಎಲ್ಲೀದು ಬೇಟಿ," ಎಂದ. "ಕರೆಂಟ್ ಹೋಗ್ಯಾದ ಅಂತ ತಿಳ್ಕೊಂಡಿದ್ದೆ."